ಆಟಗಾರನನ್ನು ಅಳೆಯುವ ಕೋಲು ಯಾವುದು?

ಕ್ರಿಕೆಟ್ಟಿನ ಮಾತು ಬಂದರೆ ನಮ್ಮ ಕಾಲೇಜಿನ ಕಟ್ಟೆಯ ಮೇಲೆ ಒಂದು ವಾದ ಏಳದೆ ಇರುವುದಿಲ್ಲ. ದಾಂಡಿಗನ ಯೋಗ್ಯತೆಯನ್ನು ತಿಳಿಯಲು ಅವನ ಸರಾಸರಿಯನ್ನು ನೋಡಬೇಕೇ, ಸ್ಟ್ರೈಕ್ ರೇಟನ್ನು ನೋಡಬೇಕೇ? ಹಳಬರು ಸರಾಸರಿ ಎನ್ನುತ್ತಾರೆ. ಹೊಸಬರು ಅದನ್ನು ಕೇಳಿ ನಗುತ್ತಾರೆ. ನಗುವುದಕ್ಕೆ ಮುಂಚೆ ಈ ಅಂಕೆಗಳು ಏನನ್ನು ಹೇಳುತ್ತವೆ, ಏನನ್ನು ಮುಚ್ಚಿಡುತ್ತವೆ ಎಂಬುದನ್ನು ವಿಚಾರಿಸುವುದು ಮೇಲು. ದೇವದುರ್ಗದ ಅಥವಾ ಮಾನ್ವಿಯ ಹುಡುಗನೊಬ್ಬನು ವಿಶ್ವವಿದ್ಯಾನಿಲಯದ ತಂಡಕ್ಕೋ, ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯದ ತಂಡಕ್ಕೋ ಸೇರಬಯಸಿದಾಗ, ಅವನ ಆಟವನ್ನು ಕಣ್ಣಾರೆ ಕಾಣದವರ ಮುಂದೆ ಅವನ ಪರವಾಗಿ ಮಾತನಾಡುವುದು ಆ ಅಂಕೆಗಳೇ ಅಲ್ಲವೆ?

ಮಾಡಿದ ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸಿದರೆ ಬರುವುದು ಸರಾಸರಿ. ಲೆಕ್ಕ ಸುಲಭ, ಮೋಸವೂ ಸುಲಭ. ಕೊನೆಯಲ್ಲಿ ಆಡಲು ಬರುವ ಒಬ್ಬನು 10 ಇನ್ನಿಂಗ್ಸುಗಳಲ್ಲಿ 160 ರನ್ನು ಮಾಡಿ 6 ಸಲ ಔಟಾಗದೆ ಉಳಿದನೆನ್ನಿ. ಅವನ ಸರಾಸರಿ 40. ಮೊದಲು ಬರುವ ಇನ್ನೊಬ್ಬನು ಹತ್ತು ಸಲವೂ ಔಟಾಗಿ 350 ರನ್ನು ಮಾಡಿದನು; ಅವನ ಸರಾಸರಿ 35. ಪಟ್ಟಿಯಲ್ಲಿ ಮೊದಲನೆಯವನೇ ಮೇಲೆ! ವರ್ಷದ ಸರಾಸರಿ ಮಳೆ ಸರಿಯಾಗಿ ಬಿತ್ತೆಂದು ವರದಿಯಾದ ವರ್ಷವೂ ಹೊಲದಲ್ಲಿ ತೊಗರಿ ಒಣಗಬಹುದೆಂಬುದನ್ನು ನಮ್ಮ ಎಡದೊರೆ ಸೀಮೆಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ.

ಈ ಜಗಳ ಬಹಳ ಬಿರುಸಾಗಿ ನಡೆದದ್ದು ಅಮೆರಿಕದ ಬೇಸ್‌ಬಾಲ್ ಆಟದಲ್ಲಿ. ಅಲ್ಲಿಯ ಅಂಕಿಪಟ್ಟಿಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ಕನು ಇಂಗ್ಲೆಂಡಿನಲ್ಲಿ ಹುಟ್ಟಿದವನು. ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವನು. ಎಸೆಯುವವನು ನಾಲ್ಕು ತಪ್ಪು ಚೆಂಡುಗಳನ್ನು ಎಸೆದರೆ ದಾಂಡಿಗನು ಹೊಡೆಯದೆಯೇ ಮೊದಲನೆಯ ನೆಲೆಗೆ ನಡೆದುಹೋಗಬಹುದು. ಇದು ಎಸೆದವನ ತಪ್ಪೇ ಹೊರತು ದಾಂಡಿಗನ ಸಾಮರ್ಥ್ಯವಲ್ಲವೆಂದು ಚಾಡ್ವಿಕ್ಕನ ಎಣಿಕೆ. ಹೀಗಾಗಿ ಸರಾಸರಿಯಲ್ಲಿ ಆ ನಡಿಗೆಗೆ ಜಾಗವೇ ಸಿಗಲಿಲ್ಲ. ಒಬ್ಬನು 500 ಸಲ ಆಡಿ 150 ಸಲ ಹೊಡೆದು ನೆಲೆ ಸೇರಿದನು. ಇನ್ನೊಬ್ಬನು ಅಷ್ಟೇ ಸಲ ಆಡಿ 135 ಸಲ ಸೇರಿದನು. ಹಳೆಯ ಲೆಕ್ಕಕ್ಕೆ ಮೊದಲನೆಯವನು ಗಟ್ಟಿಗ. ಆದರೆ ಮೊದಲನೆಯವನು ತಾಳ್ಮೆಯಿಂದ ನಡೆದು ಸೇರಿದ್ದು 20 ಸಲ, ಎರಡನೆಯವನು 90 ಸಲವಾದರೆ? ಮೊದಲನೆಯವನು 520ರಲ್ಲಿ 170 ಸಲ, ಎರಡನೆಯವನು 590ರಲ್ಲಿ 225 ಸಲ ನೆಲೆ ಮುಟ್ಟಿದಂತಾಯಿತು. ಅಂದರೆ ನೂರಕ್ಕೆ 33, ನೂರಕ್ಕೆ 38.

1977ರಿಂದ ಬಿಲ್ ಜೇಮ್ಸ್ ಎಂಬವರು ತಾವೇ ಅಚ್ಚು ಹಾಕಿಸಿ ಹಂಚಿದ ಪುಸ್ತಕಗಳಲ್ಲಿ ಇಂಥ ಲೆಕ್ಕಗಳನ್ನು ಮುಂದಿಟ್ಟರು. 2002ರಲ್ಲಿ ಓಕ್ಲೆಂಡ್ ತಂಡದ ಬಿಲ್ಲಿ ಬೀನ್ ಈ ದಾರಿಯನ್ನೇ ಹಿಡಿದು, ಪಟ್ಟಿಯಲ್ಲಿ ಹಿಂದುಳಿದು ಅಗ್ಗವಾಗಿ ಸಿಗುತ್ತಿದ್ದವರನ್ನು ಕೂಡಿಸಿದರು. ಸುಮಾರು 4 ಕೋಟಿ ಡಾಲರ್ ಸಂಬಳದ ಆ ತಂಡ, ಸುಮಾರು 12 ಕೋಟಿಯ ನ್ಯೂಯಾರ್ಕ್ ಯಾಂಕೀಸ್ ತಂಡದಷ್ಟೇ, ಅಂದರೆ 103 ಪಂದ್ಯಗಳನ್ನು ಗೆದ್ದಿತು. ನಡುವೆ ಸತತವಾಗಿ 20. ಆದರೆ ಹಳೆಯ ಪಂಥದವರ ಆಕ್ಷೇಪವನ್ನೂ ಕೇಳಬೇಕು. ಆ ತಂಡದಲ್ಲಿ ಹಡ್ಸನ್, ಮಲ್ಡರ್, ಝೀಟೊ ಎಂಬ ಮೂವರು ಉತ್ಕೃಷ್ಟ ಎಸೆತಗಾರರಿದ್ದರು. ಅವರ ಹಿರಿಮೆಯನ್ನು ಕಾಣಲು ಹೊಸ ಗಣಿತ ಬೇಕಾಗಿರಲಿಲ್ಲ.

ಇಲ್ಲಿ ಒಂದು ಸ್ವಾರಸ್ಯವುಂಟು. ಬೇಸ್‌ಬಾಲಿನಲ್ಲಿ ತಂಡಕ್ಕೆ ಸಿಗುವುದು 27 ಔಟುಗಳು. ಅವು ಮುಗಿದರೆ ಆಟ ಮುಗಿಯಿತು. ಆದುದರಿಂದ ಔಟಾಗದಿರುವುದೇ ದೊಡ್ಡದೆಂದು ಹೊಸ ಲೆಕ್ಕ ಹೇಳಿತು. ನಮ್ಮ 20 ಓವರುಗಳ ಕ್ರಿಕೆಟ್ಟಿನಲ್ಲಿ ಹೊಸ ಲೆಕ್ಕ ಹೇಳಿದ್ದು ತದ್ವಿರುದ್ಧ. ಅಲ್ಲಿ ಚೆಂಡುಗಳು 120, ವಿಕೆಟ್ಟುಗಳು 10; ಅನೇಕ ವೇಳೆ ವಿಕೆಟ್ಟುಗಳು ಉಳಿದು ಚೆಂಡುಗಳು ತೀರುತ್ತವೆ. ಯಾವುದು ಕಡಿಮೆ ಇದೆಯೋ ಅದಕ್ಕೆ ಬೆಲೆ ಹೆಚ್ಚು ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಐದು ದಿನದ ಟೆಸ್ಟಿನಲ್ಲಿ ಚೆಂಡು ಅಗ್ಗ, ವಿಕೆಟ್ಟು ತುಟ್ಟಿ. ರಾಹುಲ್ ದ್ರಾವಿಡರು 164 ಟೆಸ್ಟುಗಳಲ್ಲಿ 31,258 ಚೆಂಡುಗಳನ್ನು ಎದುರಿಸಿ 52.31ರ ಸರಾಸರಿಯಲ್ಲಿ 13,288 ರನ್ನು ಗಳಿಸಿದರು. ಅಲ್ಲಿ ಅವರ ನಿಧಾನವನ್ನು ಹಳಿಯುವುದು ಅವಿವೇಕ. ಕೆ. ಎಲ್. ರಾಹುಲರು 2020ರ ಐ.ಪಿ.ಎಲ್.ನಲ್ಲಿ ಎಲ್ಲರಿಗಿಂತ ಹೆಚ್ಚು, 670 ರನ್ನು ಹೊಡೆದರು. ನೂರು ಚೆಂಡಿಗೆ 129ರಂತೆ. ಅವರ ನಾಯಕತ್ವದ ಪಂಜಾಬ್ ತಂಡವಾದರೋ ಆರನೆಯ ಸ್ಥಾನದಲ್ಲಿ ನಿಂತಿತು. ಇನ್ನಷ್ಟು ಬೇಗ ಹೊಡೆಯಬೇಕಿತ್ತೆಂದು ಹೊಸಬರು. ಜೊತೆಯವರು ಕೈಕೊಟ್ಟರೆ ಅವನೊಬ್ಬ ಏನು ಮಾಡಿಯಾನು ಎಂದು ಹಳಬರು. ನನಗೆ ಇಬ್ಬರ ಮಾತಿನಲ್ಲೂ ಹುರುಳು ಕಾಣುತ್ತದೆ. ತಂಡದ ಸೋಲಿನಲ್ಲಿ ಒಬ್ಬನ ಪಾಲೆಷ್ಟೆಂದು ಬಿಡಿಸಿ ಹೇಳುವ ಅಂಕೆ ಎರಡೂ ಪಂಥದವರ ಕೈಯಲ್ಲಿ ಸರಿಯಾಗಿಲ್ಲ.

ಇನ್ನು ಗುಂಡಪ್ಪ ವಿಶ್ವನಾಥರ ವಿಷಯ. 1975ರ ಜನವರಿಯಲ್ಲಿ ಮದರಾಸಿನ ಚೆಪಾಕಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ಟು ಕಿತ್ತಾಗ, ಭಾರತದ 190 ರನ್ನುಗಳಲ್ಲಿ ವಿಶ್ವನಾಥರೊಬ್ಬರದೇ ಔಟಾಗದೆ 97. ಭಾರತ ಆ ಪಂದ್ಯವನ್ನು 100 ರನ್ನುಗಳಿಂದ ಗೆದ್ದಿತು. ಶತಕಗಳ ಪಟ್ಟಿಯಲ್ಲಿ ಈ ಆಟವಿಲ್ಲ. ಎಸೆದವನಾರು, ಅಂಕಣ ಎಂಥದು, ಉಳಿದವರು ಎಷ್ಟು ಮಾಡಿದರು ಎಂಬುದನ್ನು ಕೂಡಿಸಿ ತೂಗುವ ಹೊಸ ಲೆಕ್ಕಗಳಲ್ಲಿ ಮಾತ್ರ ಅದಕ್ಕೆ ಎತ್ತರದ ಸ್ಥಾನ ದೊರೆಯುತ್ತದೆ. ಇಲ್ಲಿ ಹೊಸ ಗಣಿತ ಹಳೆಯ ರಸಿಕರ ಕಣ್ಣಿನೊಡನೆ ಒಪ್ಪಿಬಿಟ್ಟಿತು!

ನಮ್ಮ ಕಾಲೇಜುಗಳ ಆಟಕ್ಕೆ ಬಂದರೆ ತೊಡಕು ಬೇರೆ. ಒಂದು ವರ್ಷದಲ್ಲಿ ಒಬ್ಬನಿಗೆ ಐದಾರು ಇನ್ನಿಂಗ್ಸು ಸಿಕ್ಕರೆ ಹೆಚ್ಚು. 10, 4, 0, 22, 14, 120 ಎಂದು ಆಡಿದವನ ಸರಾಸರಿ 28. ಕೊನೆಯದನ್ನು ತೆಗೆದರೆ ಬರಿಯ 10. ಇಷ್ಟು ಸ್ವಲ್ಪ ಆಟದಿಂದ ಯಾವ ಅಂಕೆಯೂ, ಹೊಸದಾಗಲಿ ಹಳೆಯದಾಗಲಿ, ಸತ್ಯವನ್ನು ಹೇಳಲಾರದು. ಅಲ್ಲಿ ಅನುಭವವುಳ್ಳ ದೈಹಿಕ ಶಿಕ್ಷಣದ ಅಧ್ಯಾಪಕರ ಕಣ್ಣೇ ಹೆಚ್ಚು ನಂಬಿಕೆಗೆ ಅರ್ಹ. ಆದರೆ ಆ ಕಣ್ಣು ಎಲ್ಲ ಊರಿನ ಮೈದಾನಕ್ಕೂ ಹೋಗಲಾರದಷ್ಟೆ.

ಸ್ಕೋರ್ ಪುಸ್ತಕ ಬರೆಯುವ ಗೆಳೆಯರು ಒಂದು ಕೆಲಸ ಮಾಡಬಹುದು. ಸಾಮಾನ್ಯವಾಗಿ ಬೌಲರನ ಸಾಲಿನಲ್ಲಿ ಪ್ರತಿ ಚೆಂಡನ್ನೂ ಬರೆಯುತ್ತೇವೆ. ದಾಂಡಿಗನ ಸಾಲಿನಲ್ಲಿ ರನ್ನು ಬಂದ ಚೆಂಡನ್ನು ಮಾತ್ರ. ಅಲ್ಲಿಯೂ ರನ್ನು ಬಾರದ ಚೆಂಡಿಗೆ ಒಂದು ಚುಕ್ಕೆ ಇಟ್ಟರೆ, ಅವನು 30 ರನ್ನಿಗೆ 20 ಚೆಂಡು ತೆಗೆದುಕೊಂಡನೋ 60 ತೆಗೆದುಕೊಂಡನೋ ತಿಳಿಯುತ್ತದೆ. ಅಂಚಿನಲ್ಲಿ ಆಟ ಮ್ಯಾಟಿನ ಮೇಲೋ ಟರ್ಫಿನ ಮೇಲೋ, ಅವನು ಬಂದಾಗ ಎಷ್ಟು ವಿಕೆಟ್ಟು ಬಿದ್ದಿದ್ದವು ಎಂದೂ ಬರೆಯಬಹುದು. ಆಯ್ಕೆಯ ದಿನ ಮಾನ್ವಿಯಿಂದ ಬಂದ ಹುಡುಗನು ಬರಿಯ 30 ಎಂಬ ಅಂಕೆಯ ಬದಲು ಆ ಪುಟವನ್ನೇ ಮೇಜಿನ ಮೇಲೆ ಇಡಬಹುದು.