ವಿಷವಿಲ್ಲದ ಹಾವು ಕಚ್ಚಿದಾಗ

ನೇಮಕಲ್ಲಿನ ಸುತ್ತಮುತ್ತ ಶೇಂಗಾ ಕೀಳುವ ಕಾಲದಲ್ಲಿ ಹೊಲ, ಬಣವೆಗಳಲ್ಲಿ ಹಾವು ಕಾಣುವುದು ಹೊಸದೇನಲ್ಲ. ಇಲಿ ಇದ್ದಲ್ಲಿ ಹಾವೂ ಇರುತ್ತದೆ. ಅವುಗಳಲ್ಲಿ ಹೆಚ್ಚಿನವು ನಮ್ಮ ಜೀವಕ್ಕೆ ಅಪಾಯ ತರುವಂಥವಲ್ಲ. ಆದರೆ ಅವೂ ಕಚ್ಚುತ್ತವೆ.

ಕೆರೆ ಕಾಲುವೆಗಳ ನೀರು ಹಾವಂತೂ ಮಹಾ ಮುಂಗೋಪಿ. ಅದು ಕಚ್ಚಿದ ಜಾಗದಲ್ಲಿ ಸಾಲಾಗಿ ಸಣ್ಣ ಗೀರುಗಳು ಮೂಡಿ, ರಕ್ತ ಜಿನುಗಿ, ಸ್ವಲ್ಪ ಉರಿ, ಊತ ಕಾಣಿಸುತ್ತದೆ. ಕೆಲವೊಮ್ಮೆ ಮುರಿದ ಹಲ್ಲು ಗಾಯದಲ್ಲೇ ಉಳಿದು ಕೀವಾಗುವುದುಂಟು. ಧನುರ್ವಾಯು ತಡೆಯುವ ಚುಚ್ಚುಮದ್ದು ಬೇಕಾಗುವುದು ಇದಕ್ಕಾಗಿಯೇ. ಬೇಲಿಯ ಹಸಿರು ಹಾವಿಗೆ ಬಾಯಿಯ ಹಿಂಭಾಗದಲ್ಲಿ ವಿಷದ ಹಲ್ಲುಗಳಿವೆ. ಆ ವಿಷ ಹಲ್ಲಿ, ಓತಿಕ್ಯಾತಗಳಿಗೆ ಸಾಕು. ಮನುಷ್ಯರಿಗೆ ನೋವು, ಊತ, ಜೋಮು ಬಂದು ಕೆಲವು ದಿನಗಳಲ್ಲಿ ಇಳಿಯುತ್ತದೆ. ಅದು ಹಾರಿ ಬಂದು ಕಣ್ಣು ಕುಕ್ಕುತ್ತದೆ ಎಂಬುದು ಬರೀ ಮಾತು.

ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಭಯ. ಎದೆ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ, ಏದುಸಿರಿನಿಂದ ಬೆರಳು ಜುಮ್ಮೆನ್ನುತ್ತದೆ, ಕೆಲವರು ಮೂರ್ಛೆಯೇ ಹೋಗುತ್ತಾರೆ. ನೋಡಿದವರಿಗೆ ವಿಷವೇರಿದಂತೆಯೇ ಕಾಣುತ್ತದೆ. ಆಗ ಹಗ್ಗ ಬಿಗಿದು, ಬ್ಲೇಡಿನಿಂದ ಕೊಯ್ದು, ಬೇರು ಅರೆದು ಹಚ್ಚಿದರೆ, ಹಾವು ಮಾಡದ ಹಾನಿಯನ್ನು ನಾವೇ ಮಾಡಿದಂತಾಗುತ್ತದೆ.

ಮಂತ್ರ ಹಾಕುವವರ ಹೆಸರು ನಿಂತಿರುವುದೂ ಇಂಥ ಹಾವುಗಳ ಮೇಲೆಯೇ. ವಿಷವಿಲ್ಲದ ಹಾವು ಕಚ್ಚಿದವರು ಹೇಗಿದ್ದರೂ ಬದುಕುತ್ತಾರೆ. ನಾಗರಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಹತ್ತು ಜನ ಹೀಗೆ ಗುಣವಾದದ್ದನ್ನು ಕಂಡ ಊರು, ಹನ್ನೊಂದನೆಯವರನ್ನೂ ಅಲ್ಲಿಗೇ ಒಯ್ಯುತ್ತದೆ. ಆ ಹನ್ನೊಂದನೆಯವರನ್ನು ಕಚ್ಚಿದ್ದು ಕಟ್ಟುಹಾವಾಗಿದ್ದರೆ?

ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಮನೆಗಳಿಗೆ ನುಗ್ಗುವ, ವಿಷವಿಲ್ಲದ ತೋಳ ಹಾವು ನೋಡಲು ಕಟ್ಟುಹಾವಿನಂತೆಯೇ ಇರುತ್ತದೆ. ತೋಳ ಹಾವಿನ ಬಿಳಿ ಪಟ್ಟೆಗಳು ಕುತ್ತಿಗೆಯ ಬಳಿ ದಪ್ಪವಾಗಿದ್ದು ಬಾಲದ ಕಡೆ ಮಾಸುತ್ತವೆ. ಕಟ್ಟುಹಾವಿನಲ್ಲಿ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ರಾತ್ರಿಯ ಗಾಬರಿಯಲ್ಲಿ ಇದನ್ನು ಯಾರು ನೋಡಿಯಾರು? ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಗಾಯವೂ ನೋವೂ ಇಲ್ಲವೆನ್ನುವಷ್ಟು ಕಡಿಮೆ. ಕೆಲವು ಗಂಟೆಗಳ ನಂತರ ಹೊಟ್ಟೆನೋವು ಬರುತ್ತದೆ, ರೆಪ್ಪೆಗಳು ಜೋತುಬೀಳುತ್ತವೆ, ಉಸಿರು ನಿಲ್ಲುತ್ತದೆ. ನೋವು ಕಡಿಮೆ ಎಂದಮಾತ್ರಕ್ಕೆ ಅಪಾಯ ಕಡಿಮೆಯಲ್ಲ.

ಬಲ್ಲವರ ಲೆಕ್ಕವೂ ತಪ್ಪಿದ್ದುಂಟು. 1957ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಹಾವುಗಳ ಹೆಸರಾಂತ ತಜ್ಞ ಕಾರ್ಲ್ ಶ್ಮಿಟ್ ಅವರನ್ನು ಆಫ್ರಿಕಾದ ಬೂಮ್‌ಸ್ಲ್ಯಾಂಗ್ ಎಂಬ ಹಾವಿನ ಮರಿ ಕಚ್ಚಿತು. ಅದೂ ಹಿಂದಿನ ಹಲ್ಲಿನ ಹಾವು. ದೊಡ್ಡದೇನೂ ಆಗದೆಂದು ಅವರು ತಮ್ಮ ಲಕ್ಷಣಗಳನ್ನು ಬರೆದಿಡುತ್ತಾ ಹೋದರು. ರಕ್ತಸ್ರಾವದಿಂದ ಮರುದಿನವೇ ತೀರಿಕೊಂಡರು.

ಆದ್ದರಿಂದ ಯಾವ ಹಾವು ಕಚ್ಚಿದರೂ ಕಚ್ಚಿದ ಕೈಕಾಲು ಅಲುಗಾಡಿಸದೆ, 108 ಕರೆದು ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಹಾವನ್ನು ಹಿಡಿಯಲು, ಕೊಲ್ಲಲು ಹೊತ್ತು ಕಳೆಯಬೇಡಿ. ಅಲ್ಲಿ ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ; ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷವೆಂಬ ಅನುಮಾನ ಬಲವಾಗುತ್ತದೆ. ಕಟ್ಟುಹಾವಿನ ವಿಷ ಈ ಪರೀಕ್ಷೆಗೆ ಸಿಗುವುದಿಲ್ಲ. ಅದಕ್ಕೇ ಲಕ್ಷಣಗಳಿಲ್ಲದವರನ್ನೂ ಒಂದು ಹಗಲು ಒಂದು ರಾತ್ರಿ ಇರಿಸಿಕೊಳ್ಳುತ್ತಾರೆ. ಹಾವಿನ ಔಷಧ ಹಾಕಲಿಲ್ಲವೆಂದು ವೈದ್ಯರೊಡನೆ ಜಗಳಕ್ಕಿಳಿಯುವವರೂ ಇದ್ದಾರೆ. ಆ ಔಷಧ ಕುದುರೆಯ ರಕ್ತದಿಂದ ತಯಾರಾದದ್ದು, ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ವಿಷದ ಗುರುತು ಕಂಡರಷ್ಟೇ ಅದನ್ನು ಕೊಡುತ್ತಾರೆ.