ಕೊಯ್ಯದ ಕತ್ತಿ, ಸಿಡಿಯದ ಗುಂಡು!

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ಗೆ ಹೋದರೆ ಊರಿನ ಸುತ್ತ ಬೋಳು ಗುಡ್ಡಗಳು ಕಾಣುತ್ತವೆ. ಅವು ನಿಜವಾದ ಗುಡ್ಡಗಳಲ್ಲ. ಗಣಿಯ ಅದಿರನ್ನು ಪುಡಿ ಮಾಡಿ, ಸಯನೈಡ್ ದ್ರಾವಣದಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಮಣ್ಣಿನ ರಾಶಿಗಳು. 2001ರಲ್ಲಿ ಗಣಿ ಮುಚ್ಚಿತು, ಸಯನೈಡ್ ಗುಡ್ಡಗಳು ಉಳಿದವು.

ಪ್ರಶಾಂತ್ ನೀಲ್ ನಿರ್ದೇಶನದ 'ಕೆ.ಜಿ.ಎಫ್' ಚಿತ್ರಗಳ (2018, 2022) ಚಿತ್ರೀಕರಣ ನಡೆದದ್ದು ಇಲ್ಲಿಯೇ. ಕಥೆ ನಡೆಯುವುದು ನಲವತ್ತು-ಐವತ್ತು ವರ್ಷಗಳ ಹಿಂದೆ. ಹಾಗಾಗಿ ಲಾಂದ್ರದಿಂದ ಬಂದೂಕಿನವರೆಗೆ ಎಲ್ಲವೂ ಹಳೆಯದಾಗಿ ಕಾಣಬೇಕು. ಎರಡನೇ ಭಾಗದ ಆ ದೊಡ್ಡ ಮಷಿನ್‌ಗನ್ ನೆನಪಿದೆಯೇ? ಅದರ ಹೆಸರು 'ದೊಡ್ಡಮ್ಮ'!

ಸಿನಿಮಾದ ಆಯುಧಗಳು ಹೇಗೆ ತಯಾರಾಗುತ್ತವೆ ಗೊತ್ತೆ? ಸಾಮಾನ್ಯವಾಗಿ ಒಂದೇ ಕತ್ತಿಗೆ ಎರಡು ಮೂರು ಅವಳಿಗಳಿರುತ್ತವೆ. ಹತ್ತಿರದಿಂದ ತೋರಿಸಲು ಲೋಹದ್ದು, ಹೊಡೆದಾಟಕ್ಕೆ ಮೊಂಡು ಅಂಚಿನ ಹಗುರ ಅಲ್ಯೂಮಿನಿಯಂ ಅಥವಾ ಮರದ್ದು, ಬೀಳುವ ಏಳುವ ದೃಶ್ಯಕ್ಕೆ ರಬ್ಬರಿನದು. ಬಂದೂಕಿನ ಅಚ್ಚು ತೆಗೆದು ರಬ್ಬರಿನಲ್ಲೋ ಫೈಬರಿನಲ್ಲೋ ಎರಕ ಹೊಯ್ಯುತ್ತಾರೆ. ಆಮೇಲೆ ಬಣ್ಣ ಬಳಿದು, ಅಲ್ಲಲ್ಲಿ ಉಜ್ಜಿ, ತುಕ್ಕು ಹಿಡಿದಂತೆ ಮಾಡುತ್ತಾರೆ. 'ಠಣ್' ಎಂಬ ಸದ್ದು ಸೇರುವುದು ಕೊನೆಗೆ, ಸ್ಟುಡಿಯೋದಲ್ಲಿ.

ನಟರ ತರಬೇತಿ ಕೋಲಾಟ ಕಲಿತಂತೆ. ಒಂದು, ಎರಡು, ಮೂರು ಎಂದು ಎಣಿಸುತ್ತಾ ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ. ಏಟು ಹಾಕುವ ಮೊದಲು ಎದುರಿಗಿರುವವರ ಕಣ್ಣು ನೋಡಬೇಕು. ಏಟು ದೇಹದ ಪಕ್ಕಕ್ಕೆ ಹೋಗಬೇಕು. ಅದು ತಗುಲಿದಂತೆ ತೋರಿಸುವುದು ಕ್ಯಾಮೆರಾದ ಕೋನ. ಈ ಕಲೆಗಾಗಿಯೇ 'ಕೆ.ಜಿ.ಎಫ್' ಚಿತ್ರದ ಎರಡೂ ಭಾಗಗಳಿಗೆ ಸಾಹಸ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಎರಡರಲ್ಲೂ ದುಡಿದವರು 'ಅನ್ಬರಿವ್' ಎಂಬ ಅವಳಿ ಸೋದರರು.

ಎಚ್ಚರ ತಪ್ಪಿದರೆ ಮಾತ್ರ ಆಟ ಆಟವಾಗಿ ಉಳಿಯದು. ಖಾಲಿ ತೋಟಾದಲ್ಲಿ ಗುಂಡಿಲ್ಲ, ಆದರೆ ಮದ್ದು ಇರುತ್ತದೆ. ತೀರಾ ಹತ್ತಿರದಿಂದ ಹಾರಿಸಿದರೆ ಅದರ ಬಿಸಿ ಗಾಳಿಯೇ ಪ್ರಾಣ ತೆಗೆಯಬಲ್ಲದು. 2021ರಲ್ಲಿ ಅಮೆರಿಕದ 'ರಸ್ಟ್' ಚಿತ್ರದ ಸೆಟ್‌ನಲ್ಲಿ ಬಂದೂಕಿನೊಳಗೆ ನಿಜವಾದ ಗುಂಡೇ ಸೇರಿ, ಛಾಯಾಗ್ರಾಹಕಿಯೊಬ್ಬರು ಸತ್ತರು. ನಮ್ಮಲ್ಲೇ 2016ರ ನವೆಂಬರ್‌ನಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರ್‌ನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಇಬ್ಬರು ಕಲಾವಿದರು ಮುಳುಗಿ ತೀರಿಕೊಂಡರು. ಇಂಥ ಸಾವುಗಳನ್ನು ತಪ್ಪಿಸಲೆಂದೇ ಈಗ ಗುಂಡಿನ ಬೆಳಕು, ಹೊಗೆಯನ್ನು ಕಂಪ್ಯೂಟರಿನಲ್ಲಿ ಸೇರಿಸುವುದು ಹೆಚ್ಚುತ್ತಿದೆ.

ಮಕ್ಕಳೇ, ಸಿನಿಮಾ ನೋಡಿ ಬಂದು ಕೋಲು, ಕಲ್ಲು ಹಿಡಿದು ಹೊಡೆದಾಡುವ ಮುನ್ನ ಇದನ್ನು ನೆನೆಯಿರಿ: ತೆರೆಯ ಮೇಲಿನ ಒಂದು ಏಟಿನ ಹಿಂದೆ ಹಲವು ದಿನಗಳ ಅಭ್ಯಾಸವಿರುತ್ತದೆ. ಮನೆಯಲ್ಲಿ ಗಣಿ ಕೆಲಸ ಮಾಡಿದ ತಾತ ಇದ್ದರೆ ಪಕ್ಕದಲ್ಲಿ ಕೂತು ಕೇಳಿ. ತೆರೆಯ ಮೇಲೆ ಆಯುಧವಾದ ಸುತ್ತಿಗೆ ಅವರ ಕಾಲದಲ್ಲಿ ಅನ್ನ ಕೊಡುತ್ತಿತ್ತು. ಅದರ ತೂಕ ಎಷ್ಟಿತ್ತು, ನೆಲದಡಿಯ ಶಾಖ ಹೇಗಿತ್ತು ಎಂಬುದನ್ನು ಅವರೇ ಹೇಳಬೇಕು.