ಜಠರದ ಹಳೇ ಬಾಡಿಗೆದಾರ

1982ರ ಈಸ್ಟರ್. ಆಸ್ಟ್ರೇಲಿಯಾದ ರಾಯಲ್ ಪರ್ತ್ ಆಸ್ಪತ್ರೆಯಲ್ಲಿ ರೋಗಿಗಳ ಜಠರದಿಂದ ತೆಗೆದ ಚೂರುಗಳನ್ನು ತಟ್ಟೆಗಳಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಸುವ ಪ್ರಯತ್ನ ಸೋಲುತ್ತಲೇ ಬಂದಿತ್ತು. ಎರಡು ದಿನ ನೋಡಿ, ಏನೂ ಕಾಣದಿದ್ದರೆ ಎಸೆದುಬಿಡುವುದು ರೂಢಿ. ರಜೆಯ ಕಾರಣ ಈ ಸಲದ ತಟ್ಟೆಗಳು ಐದಾರು ದಿನ ಹಾಗೇ ಉಳಿದವು. ಬಂದು ನೋಡಿದರೆ, ಬೆಳೆದಿತ್ತು! ಅವಸರ ಮನುಷ್ಯರದಾಗಿತ್ತೇ ಹೊರತು ಈ ಜೀವಿಗೆ ಯಾವ ಅವಸರವೂ ಇರಲಿಲ್ಲ.

ಅದರ ಈಗಿನ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಜಠರದ ಆಮ್ಲದಲ್ಲಿ ಯಾವ ಜೀವಿಯೂ ನೆಲೆಸಲಾರದು ಎಂದೇ ವೈದ್ಯರು ನಂಬಿದ್ದ ಕಾಲವದು. ಹುಣ್ಣಾದರೆ ಚಿಂತೆಗೋ ಖಾರಕ್ಕೋ ಬೈಗುಳ. ಪರ್ತ್‌ನಲ್ಲಿ ಆ ಪ್ರಯತ್ನ ನಡೆಸಿದ್ದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್, ಕಾರಣ ಈ ಬ್ಯಾಕ್ಟೀರಿಯಾ ಎಂದು ಹೇಳಿದ್ದನ್ನು ಹೆಚ್ಚಿನವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಕದಡಿದ ದ್ರವವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಂತಿ ಶುರು. ಬಾಯಿಯೂ ನಾರತೊಡಗಿತು. ಎಂಡೋಸ್ಕೋಪಿ ಮಾಡಿದರೆ ಜಠರದ ಒಳಪದರಕ್ಕೆ ಉರಿಯೂತ. ಹುಣ್ಣೇನೂ ಆಗಿರಲಿಲ್ಲ ಎಂಬುದನ್ನು ಈ ಕತೆ ಹೇಳುವವರು ಸಾಮಾನ್ಯವಾಗಿ ಮರೆಯುತ್ತಾರೆ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಮಾರ್ಷಲ್ ದೊಡ್ಡವರಾದ ಮೇಲೆ ಬೇಕೆಂದೇ ಕುಡಿದರು. ಮಿಕ್ಕವರಿಗೆ ಇದು ತಗಲುವುದು ಹೆಚ್ಚಾಗಿ ಬಾಲ್ಯದಲ್ಲೇ, ಅದೂ ಮನೆಯವರಿಂದಲೇ. ಇಕ್ಕಟ್ಟಾದ ಮನೆ, ಶುದ್ಧವಲ್ಲದ ನೀರು ಇದ್ದಲ್ಲಿ ಇನ್ನೂ ಬೇಗ. ಒಮ್ಮೆ ನೆಲೆಯೂರಿದರೆ ಔಷಧಿ ಕೊಡದ ಹೊರತು ಸಾಮಾನ್ಯವಾಗಿ ಜೀವಮಾನವಿಡೀ ಬಿಡುವುದಿಲ್ಲ. ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು, ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಳ್ಳುವುದು ಇದರ ಉಪಾಯ. ಪರೀಕ್ಷೆ ಈ ಉಪಾಯವನ್ನೇ ಹಿಡಿಯುತ್ತದೆ: ಇಂಗಾಲಕ್ಕೆ ಗುರುತು ಹಾಕಿದ ಯೂರಿಯಾ ಕುಡಿಸಿ, ಮಗುವಿನಿಂದ ಚೀಲಕ್ಕೆ ಉಸಿರು ಊದಿಸುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಆ ಗುರುತಿನ ಇಂಗಾಲ ಉಸಿರಿನಲ್ಲಿ ಹೊರಬರುತ್ತದೆ.

ಹಾಗಾದರೆ ಹೊಟ್ಟೆನೋವು ಎಂದು ಅಳುವ ಮಕ್ಕಳೆಲ್ಲ ಚೀಲ ಊದಬೇಕೇ?

ಬೇಡ. ಸೋಂಕಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಒಳಗೆ ಉರಿಯೂತವಿದ್ದರೂ ನೋವಿರುವುದಿಲ್ಲ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಹೊಕ್ಕುಳ ಹಿಡಿದುಕೊಂಡು ಕೂರುವ ಮಗುವಿನ ನೋವಿಗೆ ಇದು ಕಾರಣವಾಗಿರುವುದೂ ಅಪರೂಪ. ಮಕ್ಕಳ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಇದನ್ನೇ ಹೇಳುತ್ತವೆ: ನೋವಿನ ಕಾರಣ ಹುಡುಕಿ, ಬ್ಯಾಕ್ಟೀರಿಯಾವನ್ನಲ್ಲ. ನಿದ್ದೆಯಿಂದ ಎಬ್ಬಿಸುವ ನೋವು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಇಳಿಯುವ ತೂಕ ಕಂಡರೆ ಮಾತ್ರ ಮಾತು ಬೇರೆ. ಆಗ ಎಂಡೋಸ್ಕೋಪಿ ಬೇಕಾಗಬಹುದು. ಕಬ್ಬಿಣದ ಔಷಧಿ ಕೊಟ್ಟರೂ ಏರದ ರಕ್ತಹೀನತೆಯಲ್ಲೂ, ಬೇರೆ ಕಾರಣ ಸಿಗದಿದ್ದಾಗ, ಇದನ್ನು ಹುಡುಕುವುದುಂಟು. ಎಂಡೋಸ್ಕೋಪಿ ಮಾಡಿದರೆ, ಸೋಂಕಿರುವ ಮಕ್ಕಳ ಜಠರದಲ್ಲಿ ಎಷ್ಟೋ ಸಲ ಒಳಪದರ ನುಣುಪು ಕಳೆದುಕೊಂಡು, ಬೆಣಚುಕಲ್ಲು ಹಾಸಿದ ಹಾಗೆ ಗುಬುಟು ಗುಬುಟಾಗಿ ಕಾಣುತ್ತದೆ.

ಹಾಗೆಂದು ಇದು ನಿರುಪದ್ರವಿಯಲ್ಲ. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆದರೆ ಸೋಂಕಿತರಲ್ಲಿ ಅಲ್ಪ ಭಾಗಕ್ಕೆ ಮಾತ್ರ, ಅದೂ ದಶಕಗಳ ನಂತರ, ಆ ಕಾಯಿಲೆ ಬರುತ್ತದೆ. ಈ ಬ್ಯಾಕ್ಟೀರಿಯಾವನ್ನು ಓಡಿಸಲು ಎರಡು ಬಗೆಯ ಆಂಟಿಬಯೋಟಿಕ್, ಜೊತೆಗೆ ಆಮ್ಲ ತಗ್ಗಿಸುವ ಔಷಧಿ, ಸಾಮಾನ್ಯವಾಗಿ 14 ದಿನ ಬೇಕು. ನಡುವೆ ನಿಲ್ಲಿಸಿದರೆ ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಜಗ್ಗದಂತಾಗುವ ಭಯ. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರ ಕಳೆದ ಮೇಲೆ ಮಗು ಇನ್ನೊಮ್ಮೆ ಚೀಲ ಊದಬೇಕು. ನೋವು ನಿಂತಿದೆ ಎಂದ ಮಾತ್ರಕ್ಕೆ ಬಾಡಿಗೆದಾರ ಮನೆ ಖಾಲಿ ಮಾಡಿದ್ದಾನೆ ಎಂದು ನಂಬುವ ಹಾಗಿಲ್ಲ.